ವಿದೇಶದ ಶಾಲೆಗಳ ಜೊತೆ ಜಾಲ ಕಟ್ಟುವುದು ಹೇಗೆ? ಮೊದಲು ಠರಾವಿನ ಬಗ್ಗೆ ಠರಾವು ಮಾಡಿ

ಬೀದರ್‌ನ ಒಂದು ಸುರಂಗ ಬಾವಿಗೆ ಎಂಟನೇ ತರಗತಿಯ ಮಕ್ಕಳು ಪ್ರತಿ ಸೋಮವಾರ ಗಂಟು ಹಾಕಿದ ಹಗ್ಗ ಇಳಿಸುತ್ತಿದ್ದರು. ಎಷ್ಟನೇ ಗಂಟಿಗೆ ನೀರು ತಾಗಿತು ಎಂದು ವಹಿಯಲ್ಲಿ ಬರೆಯುತ್ತಿದ್ದರು. ಅದೇ ವಾರ ಒಮಾನ್ ಮತ್ತು ಮೊರಾಕ್ಕೊದ ಮಕ್ಕಳು ತಮ್ಮೂರಿನ ಇಂಥದೇ ಕಾಲುವೆಗಳ ನೀರು ಅಳೆದು ಲೆಕ್ಕ ಕಳಿಸುತ್ತಿದ್ದರು. ನೆಲದಡಿಯ ಸುರಂಗದಲ್ಲಿ ನೀರು ಹರಿಸುವ, ನಾವು ಕರೇಜ್ ಎನ್ನುವ ಈ ಕಾಲುವೆಯನ್ನು ಒಮಾನ್‌ನಲ್ಲಿ ಫಲಜ್ ಎನ್ನುತ್ತಾರೆ, ಮೊರಾಕ್ಕೊದಲ್ಲಿ ಖೆಟ್ಟಾರಾ. ಆರು ತಿಂಗಳು ಚೆನ್ನಾಗಿ ನಡೆದ ಈ ಕೆಲಸ ಒಂದೇ ಒಂದು ಆನ್‌ಲೈನ್ ಸಭೆಯಲ್ಲಿ ನಿಂತುಹೋಯಿತು. ಇಂಟರ್ನೆಟ್ ಇತ್ತು, ಮಕ್ಕಳಿಗೆ ಹುಮ್ಮಸ್ಸೂ ಇತ್ತು. ಇಲ್ಲದೇ ಇದ್ದದ್ದು ಯಾವ ನಿರ್ಣಯ ಯಾರು ಮಾಡಬೇಕು ಎಂಬ ಬರಹ.

ಆ ಸಭೆಯಲ್ಲಿ ಒಬ್ಬರು ಮುಂದಿನ ವರ್ಷ ನೀರಿನ ವಿಷಯ ಕೈಬಿಟ್ಟು ಬೇರೇನಾದರೂ ಮಾಡೋಣ ಎಂದರು. ನಮ್ಮ ಕಡೆಯಿಂದ ಕೂತಿದ್ದ ಮೇಡಂ ಅವರಿಗೆ ಅರ್ಧ ಮಾತು ಕೇಳಿಸಿರಲಿಲ್ಲ. ದೊಡ್ಡವರ ಎದುರು ಎದುರಾಡುವುದೆಂದರೆ ಸಂಕೋಚ ಬೇರೆ. 'ಆಯ್ತು ಬಿಡ್ರಿ' ಎಂದರು. ನಡಾವಳಿಯಲ್ಲಿ 'ಬೀದರ್ ಒಪ್ಪಿದೆ' ಎಂದು ದಾಖಲಾಯಿತು. ನಮ್ಮ ಊರಲ್ಲಿ 'ಆಯ್ತು ಬಿಡ್ರಿ' ಅಂದರೆ ಒಪ್ಪಿಗೆ ಅಲ್ಲ, ಬೇಸರದಿಂದ ಮಾತು ಮುಗಿಸುವುದು ಎಂದು ಅವರಿಗೆ ಯಾರು ಹೇಳಬೇಕಿತ್ತು? ಕಲಬುರಗಿಯಲ್ಲಿ, ಯಾದಗಿರಿಯಲ್ಲಿ ಆಮೇಲೆ ಹುಟ್ಟಿದ ಇನ್ನೆರಡು ಜಾಲಗಳೂ ಹೆಚ್ಚುಕಡಿಮೆ ಇದೇ ಕಾರಣಕ್ಕೆ ಮುಚ್ಚಿದ್ದನ್ನು ಕಂಡಿದ್ದೇನೆ. ಅದಕ್ಕೇ ಈ ಬರಹ.

ಮೊದಲು: ಹೊಸ ಜಾಲ ಬೇಕೇ?

ಹೆಚ್ಚಿನವರಿಗೆ ಬೇಡ. ಇರುವುದಕ್ಕೆ ಸೇರಿ. ಯುನೆಸ್ಕೊದ ಸಹಯೋಗಿ ಶಾಲೆಗಳ ಜಾಲ 1953ರಲ್ಲಿ 15 ದೇಶಗಳ 33 ಶಾಲೆಗಳಿಂದ ಶುರುವಾಯಿತು. ಅಲ್ಲಿ ಪ್ರತಿ ದೇಶಕ್ಕೂ ಒಬ್ಬ ರಾಷ್ಟ್ರೀಯ ಸಂಯೋಜಕರು ಇರುತ್ತಾರೆ, ಶಾಲೆಗಳು ಅವರ ಮೂಲಕ ಒಳಗೆ ಹೋಗುತ್ತವೆ. ಐಅರ್ನ್ ಎಂಬ ಇನ್ನೊಂದು ಜಾಲ 1988ರಲ್ಲಿ ಮಾಸ್ಕೊ ಮತ್ತು ನ್ಯೂಯಾರ್ಕ್ ರಾಜ್ಯದ ಶಾಲೆಗಳನ್ನು ಜೋಡಿಸಿ ಹುಟ್ಟಿದ್ದು. ಅದರ ಸಂವಿಧಾನ ರೂಪುಗೊಂಡದ್ದು 1994ರಲ್ಲಿ, ಅರ್ಜೆಂಟೀನಾದ ಪುಯೆರ್ತೊ ಮದ್ರಿನ್‌ನಲ್ಲಿ. ಆರು ವರ್ಷ ಕೆಲಸ ಮಾಡಿ, ತೊಡಕುಗಳನ್ನು ಅನುಭವಿಸಿ ಆಮೇಲೆ ನಿಯಮ ಬರೆದರು. ನೀವೂ ಒಂದು ವರ್ಷ ಬೇರೆಯವರ ಜಾಲದಲ್ಲಿ ದುಡಿದು ಆಮೇಲೆ ನಿಮ್ಮದರ ಯೋಚನೆ ಮಾಡಿ. ಐಅರ್ನ್‌ನ ಒಂದು ಪದ್ಧತಿಯನ್ನಂತೂ ಹಾಗೆಯೇ ಎತ್ತಿಕೊಳ್ಳಿ: ಈ ಕೆಲಸದಿಂದ ಭೂಮಿಯ ಮೇಲಿನ ಬದುಕು ಹೇಗೆ ಸುಧಾರಿಸುತ್ತದೆ ಎಂಬ ಪ್ರಶ್ನೆಗೆ ಅಲ್ಲಿ ಪ್ರತಿ ಪ್ರಾಜೆಕ್ಟೂ ಉತ್ತರ ಹೇಳಲೇಬೇಕು.

ದುಡ್ಡು ಪಡೆದು 'ಅಂತರರಾಷ್ಟ್ರೀಯ ಸರ್ಟಿಫಿಕೇಟ್' ಮತ್ತು ಶೀಲ್ಡ್ ಕೊಡುವವರ ಹತ್ತಿರ ಸುಳಿಯಬೇಡಿ. ಎದುರಿನ ಶಾಲೆಯ ಒಬ್ಬ ಶಿಕ್ಷಕರ ಜೊತೆಗೂ ಮಾತಾಡಿಸದೆ ಹಣ ಕೇಳುವ ಜಾಲ ಜಾಲವಲ್ಲ, ಅಂಗಡಿ.

ಏಳು ಜನ

ನಿಮ್ಮದೇ ಜಾಲ ಕಟ್ಟಿ ಅದನ್ನು ಸಂಘವಾಗಿ ನೋಂದಾಯಿಸುವುದಾದರೆ, ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಸಂಘಕ್ಕೆ ಕನಿಷ್ಠ ಏಳು ಜನ ಬೇಕು. ಸರ್ಕಾರಿ ಶಾಲೆಯ ಶಿಕ್ಷಕರಿದ್ದರೆ ಇಲಾಖೆಯ ಅನುಮತಿ ಬರಹದಲ್ಲಿ ಪಡೆದೇ ಹೆಸರು ಸೇರಿಸಿ. ಏಳೂ ಜನ ಒಂದೇ ಶಾಲೆಯವರು ಬೇಡ. ಇಷ್ಟು ಸಾಕು, ಇದು ಸುಲಭದ ಕೆಲಸ.

ಸಂಘದ ನಿಯಮಾವಳಿಯಾದ ಬೈಲಾವನ್ನು ಮಾತ್ರ ಇಂಟರ್ನೆಟ್‌ನಿಂದ ಇಳಿಸಿ ಹೆಸರು ಬದಲಿಸಿ ಕೊಡಬೇಡಿ. ಯುವಕ ಸಂಘದ ಬೈಲಾದಲ್ಲಿ ಸಭೆ ಎಂದರೆ ಎಲ್ಲರೂ ಒಂದೇ ಕೋಣೆಯಲ್ಲಿ ಕೂತಿರುವುದು. ನಿಮ್ಮ ಜಾಲ ಎಂದೂ ಒಂದೇ ಕೋಣೆಯಲ್ಲಿ ಕೂರುವುದಿಲ್ಲ.

ನಿರ್ಣಯ: ಇಲ್ಲಿ ನಿಧಾನವಾಗಿ ಓದಿ

ಎಲ್ಲ ನಿರ್ಣಯಗಳನ್ನೂ ಮೊದಲು ಮೂರು ಗಂಟು ಕಟ್ಟಿ.

ಮೊದಲ ಗಂಟು, ತರಗತಿಯ ಮಾತು. ಈ ವಾರ ಮಕ್ಕಳು ಏನು ಬರೆಯಬೇಕು, ಫೋಟೊ ತೆಗೆಯಬೇಕೋ ಚಿತ್ರ ಬಿಡಿಸಬೇಕೋ, ಅಳತೆ ಯಾವತ್ತು ಕಳಿಸಬೇಕು. ಇದು ಆ ಪ್ರಾಜೆಕ್ಟಿನಲ್ಲಿ ದುಡಿಯುವ ಶಿಕ್ಷಕರಿಗೆ ಬಿಟ್ಟದ್ದು. ಕಾರ್ಯಕಾರಿ ಸಮಿತಿ ಇದರಲ್ಲಿ ಕೈ ಹಾಕಕೂಡದು. 'ಕಲಿಕಾ ವೃತ್ತ' ಎಂಬ ಪದ್ಧತಿಯಲ್ಲಿ ಆರರಿಂದ ಎಂಟು ತರಗತಿಗಳು ಒಂದು ವೃತ್ತವಾಗುತ್ತವೆ. ಪ್ರತಿ ತರಗತಿಗೂ ತನ್ನದೇ ಒಂದು ಪ್ರಶ್ನೆ ಇರುತ್ತದೆ. ಉಳಿದವರೆಲ್ಲ ಅದಕ್ಕೆ ಬರೆದು ಕಳಿಸುತ್ತಾರೆ, ಪ್ರಶ್ನೆ ಕೇಳಿದ ತರಗತಿ ಅದನ್ನೆಲ್ಲ ಕೂಡಿಸಿ ಒಂದು ಅಧ್ಯಾಯ ಮಾಡುತ್ತದೆ. ಹೀಗಾದರೆ ಯಾದಗಿರಿಯ ಹುಡುಗಿಯೂ ಟೋಕಿಯೊದ ಹುಡುಗನೂ ಒಬ್ಬರಿಗೊಬ್ಬರು ಕೊಡುವವರೇ, ಪಡೆಯುವವರೇ. ನನ್ನನ್ನು ಕೇಳಿದರೆ ಇದಕ್ಕಿಂತ ಒಳ್ಳೆಯ ಆಡಳಿತ ಬೇರೆ ಇಲ್ಲ. ಹೆಚ್ಚಿನ ಜಗಳ ಇಲ್ಲಿಗೇ ಮುಗಿಯುತ್ತದೆ.

ಎರಡನೇ ಗಂಟು, ಜಾಲದ ಮಾತು. ಹೊಸ ದೇಶವನ್ನು ಸೇರಿಸುವುದು, ಪ್ರಾಜೆಕ್ಟ್ ಶುರು ಮಾಡುವುದು ಅಥವಾ ನಿಲ್ಲಿಸುವುದು, ಜಾಲದ ಹೆಸರು ಯಾರು ಬಳಸಬಹುದು ಎನ್ನುವುದು, ವರ್ಷದ ವೇಳಾಪಟ್ಟಿ. ಇಲ್ಲಿ ಒಂದು ದೇಶಕ್ಕೆ ಒಂದೇ ಮತ. ನಮ್ಮಲ್ಲಿ ನಲವತ್ತು ಶಾಲೆ, ಅವರಲ್ಲಿ ಎರಡೇ ಎಂದು ಯಾರಾದರೂ ವಾದ ಮಾಡುತ್ತಾರೆ. ಮಣಿಯಬೇಡಿ. ಶಾಲೆ ಎಣಿಸಿ ಮತ ಕೊಟ್ಟರೆ ಎರಡೇ ವರ್ಷಕ್ಕೆ ಸಣ್ಣ ದೇಶಗಳು ಹೊರಡುತ್ತವೆ, ಆಮೇಲೆ ಅದು ನಿಮ್ಮೊಬ್ಬರದೇ ಜಾಲ.

ಮೂರನೇ ಗಂಟು, ಬೈಲಾ ತಿದ್ದುವುದು ಮತ್ತು ಯಾರನ್ನಾದರೂ ಹೊರಹಾಕುವುದು. ಇದಕ್ಕೆ ಮೂರರಲ್ಲಿ ಎರಡು ಪಾಲು ಮತ ಬೇಕು. ಒಂದು ಸಭೆಯಲ್ಲಿ ಚರ್ಚೆ, ತಿಂಗಳ ನಂತರದ ಇನ್ನೊಂದು ಸಭೆಯಲ್ಲಿ ಮತ. ಸಿಟ್ಟಿನಲ್ಲಿ ಬರೆದ ಠರಾವು ಒಂದು ತಿಂಗಳು ತಣ್ಣಗಾಗಲಿ.

ಈ ಮೂರಕ್ಕೂ ಹೊರಗಿನದು ಒಂದಿದೆ. ಮಗುವಿಗೆ ತೊಂದರೆ ಆಗುವಂಥದ್ದು ಕಂಡರೆ, ಯಾವ ಶಿಕ್ಷಕರಾದರೂ ಆ ಕ್ಷಣವೇ ಸಂಪರ್ಕ ನಿಲ್ಲಿಸಬಹುದು. ಯಾರನ್ನೂ ಕೇಳಬೇಕಿಲ್ಲ. ನಿಲ್ಲಿಸುವ ಅಧಿಕಾರ ಯಾವ ಒಬ್ಬ ಶಿಕ್ಷಕರಿಗಾದರೂ ಇರಲಿ, ಮತ್ತೆ ಶುರು ಮಾಡುವ ಅಧಿಕಾರ ಸಮಿತಿಗೆ.

ಇನ್ನು ಮೌನದ ಪ್ರಶ್ನೆ. ಠರಾವನ್ನು ಸಭೆಯಲ್ಲಿ ಬಾಯಲ್ಲಿ ಹೇಳಿ ಅಲ್ಲೇ ಕೈ ಎತ್ತಿಸಬೇಡಿ. ಬರೆದು ಕಳಿಸಿ, ನೂರೈವತ್ತು ಪದ ಮೀರದಿರಲಿ. ಹತ್ತು ದಿನ ಕಾಲ ಕೊಡಿ. ಪ್ರತಿ ದೇಶದವರೂ ಅದನ್ನು ತಮ್ಮ ಭಾಷೆಗೆ ತಂದುಕೊಂಡು, ತಮ್ಮ ಶಿಕ್ಷಕರ ಜೊತೆ ಕೂತು ಓದಿ, ಮೂರರಲ್ಲಿ ಒಂದು ಉತ್ತರ ಬರೆಯಬೇಕು: 'ಒಪ್ಪಿಗೆ', 'ಒಪ್ಪಿಗೆ, ಆದರೆ ಒಂದು ಮಾತಿದೆ', 'ಬೇಡ, ಕಾರಣ ಇದು'. ಉತ್ತರ ಬರಲಿಲ್ಲ ಎಂದರೆ ಗೈರುಹಾಜರಿ ಎಂದು ಬರೆಯಿರಿ. 'ಹತ್ತು ದಿನದಲ್ಲಿ ಆಕ್ಷೇಪ ಬಾರದಿದ್ದರೆ ಒಪ್ಪಿಗೆ ಎಂದು ತಿಳಿಯಲಾಗುವುದು' ಎಂಬ ಸಾಲು ಬೈಲಾದಲ್ಲಿ ಎಲ್ಲಾದರೂ ಇದ್ದರೆ ಇವತ್ತೇ ಹೊಡೆದುಹಾಕಿ. ಕರೆಂಟ್ ಹೋಗುವ ಊರಿನವರು, ಇಂಗ್ಲಿಷ್ ನಿಧಾನವಾಗಿ ಓದುವವರು, ಪರೀಕ್ಷೆ ಕೆಲಸದಲ್ಲಿ ಮುಳುಗಿದವರು ಆ ಒಂದು ಸಾಲಿನಿಂದ ತಮ್ಮ ಮತ ಕಳೆದುಕೊಳ್ಳುತ್ತಾರೆ. ಕೋರಂ ಅರ್ಧಕ್ಕಿಂತ ಹೆಚ್ಚು: ಒಂಬತ್ತು ದೇಶಗಳಿದ್ದರೆ ಐದು ಉತ್ತರ ಬಂದಾಗಲೇ ಠರಾವು ಸಿಂಧು.

'ಆದರೆ ಒಂದು ಮಾತಿದೆ' ಎನ್ನುವ ನಡುವಿನ ಉತ್ತರವನ್ನು ತೆಗೆಯಬೇಡಿ. ನಮ್ಮ ಮೇಡಂ ಅವರಿಗೆ ಆ ದಿನ ಬೇಕಿದ್ದದ್ದು ಅದೇ. ಬೇಡ ಎನ್ನುವ ಧೈರ್ಯ ಇಲ್ಲದವರಿಗೂ ಒಂದು ಮಾತು ಇರುತ್ತದೆ.

ಭಾಷೆಯಲ್ಲೂ ಹುಷಾರು. ಠರಾವನ್ನು 'ಟೇಬಲ್' ಮಾಡೋಣ ಎಂದು ಬ್ರಿಟನ್ನಿನವರು ಹೇಳಿದರೆ ಈಗ ಚರ್ಚೆಗೆ ತರೋಣ ಎಂದರ್ಥ, ಅಮೆರಿಕದವರು ಹೇಳಿದರೆ ಸದ್ಯಕ್ಕೆ ಬದಿಗಿಡೋಣ ಎಂದರ್ಥ. 5/6 ಎಂದು ಬರೆದರೆ ನಮಗೆ ಜೂನ್ ಐದು, ಅಮೆರಿಕದವರಿಗೆ ಮೇ ಆರು. ತಿಂಗಳನ್ನು ಅಕ್ಷರದಲ್ಲೇ ಬರೆಯಿರಿ. ಮೊಬೈಲಿನ ಅನುವಾದವನ್ನು ಓದಿ ಅರ್ಥ ಮಾಡಿಕೊಳ್ಳಲು ಬಳಸಿ, ಮತ ಹಾಕಲು ಬಳಸಬೇಡಿ. ಕನ್ನಡವನ್ನು ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಹಳೆಯ ಫಾಂಟ್‌ನಲ್ಲಿ ಮಾಡಿದ ನಡಾವಳಿ ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಗೋಜಲು ಅಕ್ಷರ, ಅನುವಾದಕ್ಕೂ ಸಿಗುವುದಿಲ್ಲ.

ವಾಟ್ಸಾಪ್ ಗುಂಪಿನಲ್ಲಿ ಠರಾವು ಮಾಡುವ ಅಡ್ಡದಾರಿಯನ್ನು ಎಲ್ಲರೂ ಹಿಡಿಯುತ್ತಾರೆ. ಶುಭೋದಯದ ಚಿತ್ರಗಳ ನಡುವೆ ನಿರ್ಣಯ ಕಳೆದುಹೋಗುತ್ತದೆ, ಹೆಬ್ಬೆರಳಿನ ಗುರುತು ಓದಿದ್ದಕ್ಕೋ ಒಪ್ಪಿದ್ದಕ್ಕೋ ತಿಳಿಯುವುದಿಲ್ಲ. ಗುಂಪು ಸುದ್ದಿಗೆ ಇರಲಿ, ಠರಾವು ಇಮೇಲಿಗೆ.

ಸಮಯ

ಬೀದರ್‌ನಲ್ಲಿ ಸಂಜೆ 6:30 ಆದಾಗ ಒಮಾನ್‌ನಲ್ಲಿ 5, ಅರ್ಜೆಂಟೀನಾದಲ್ಲಿ ಬೆಳಿಗ್ಗೆ 10, ಜಪಾನಿನಲ್ಲಿ ರಾತ್ರಿ 10. ಎಲ್ಲರಿಗೂ ಹೊಂದುವ ಹೊತ್ತು ಹುಡುಕುತ್ತ ಕೂರಬೇಡಿ, ಸಿಗುವುದಿಲ್ಲ. ಎರಡು ಹೊತ್ತು ಗೊತ್ತು ಮಾಡಿ, ಸಭೆಯಿಂದ ಸಭೆಗೆ ಬದಲಿಸಿ, ನಿದ್ದೆಗೆಡುವ ಪಾಳಿ ಎಲ್ಲರಿಗೂ ಬರಲಿ. ಒಮಾನ್‌ನಲ್ಲಿ ಶುಕ್ರವಾರ, ಶನಿವಾರ ರಜೆ, ನಮಗೆ ಭಾನುವಾರ. ಉಳಿದದ್ದು ಸೋಮವಾರದಿಂದ ಗುರುವಾರ.

ಶಾಲಾ ವರ್ಷ ಇನ್ನೂ ಕಠಿಣ. ನಮ್ಮದು ಬೇಸಿಗೆ ರಜೆ ಮುಗಿದ ಮೇಲೆ ಶುರು, ಜಪಾನಿನದು ಏಪ್ರಿಲ್‌ನಲ್ಲಿ, ಅರ್ಜೆಂಟೀನಾದ್ದು ಮಾರ್ಚಿನಿಂದ ಡಿಸೆಂಬರ್, ಮೊರಾಕ್ಕೊದ್ದು ಸೆಪ್ಟೆಂಬರಿನಿಂದ. ದಸರಾ ರಜೆ ಮುಗಿದ ಮೇಲಿನ ಐದಾರು ವಾರಗಳಲ್ಲಿ ಹೆಚ್ಚುಕಡಿಮೆ ಎಲ್ಲ ಕಡೆ ಮಕ್ಕಳು ತರಗತಿಯಲ್ಲಿರುತ್ತಾರೆ. ಜೊತೆಯಲ್ಲೇ ಮಾಡಬೇಕಾದ ಕೆಲಸವನ್ನು ಅಲ್ಲಿಡಿ. ನಮ್ಮ ಕಡೆಯ ಏಪ್ರಿಲ್, ಮೇ ಬಿಸಿಲಿನಲ್ಲಿ ಏನನ್ನೂ ಒಪ್ಪಿಕೊಳ್ಳಬೇಡಿ.

ಹಣ

ಗಡಿ ದಾಟಿಸಬೇಡಿ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ 2010ರ ಪ್ರಕಾರ ವಿದೇಶಿ ಮೂಲದ ದೇಣಿಗೆ ಪಡೆಯಲು ಸಂಘಕ್ಕೆ ಕೇಂದ್ರ ಗೃಹ ಸಚಿವಾಲಯದ ನೋಂದಣಿ ಅಥವಾ ಪೂರ್ವಾನುಮತಿ ಬೇಕು. ದೇಣಿಗೆ ಎಂದರೆ ಹಣ ಮಾತ್ರವಲ್ಲ, ವಸ್ತುವೂ ಸೇರುತ್ತದೆ. 'ಹಳೆಯ ಲ್ಯಾಪ್‌ಟಾಪ್ ಕಳಿಸ್ತೀವಿ' ಎಂದು ಅವರು ಪ್ರೀತಿಯಿಂದ ಹೇಳಿದರೂ ಮೊದಲು ಚಾರ್ಟರ್ಡ್ ಅಕೌಂಟೆಂಟ್ ಅವರನ್ನು ಕೇಳಿ. 2020ರ ತಿದ್ದುಪಡಿಯ ನಂತರ ಈ ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಒಬ್ಬರು ಪಡೆದು ಇನ್ನೊಂದು ಸಂಘಕ್ಕೆ ವರ್ಗಾಯಿಸುವಂತಿಲ್ಲ. ಪರಿಚಯದ ಸಂಘದ ಖಾತೆಗೆ ಹಾಕಿಸಿಕೊಳ್ಳೋಣ ಎನ್ನುವ ಸಲಹೆ ಬಂದೇ ಬರುತ್ತದೆ. ಕೇಳಬೇಡಿ. ಪ್ರತಿ ದೇಶ ತನ್ನ ಖರ್ಚು ತಾನೇ ನೋಡಿಕೊಳ್ಳಲಿ ಎಂದು ಬೈಲಾದಲ್ಲೇ ಬರೆಯಿರಿ.

ಜಾಲ ಒಡೆಯುವ ಇನ್ನೊಂದು ಜಾಗ ವಾರ್ಷಿಕ ಸಮ್ಮೇಳನಕ್ಕೆ ಯಾರು ಹೋಗಬೇಕು ಎಂಬುದು. ಆಯ್ಕೆ ಮಾಡುವವರು ಅಭ್ಯರ್ಥಿಯಾಗುವಂತಿಲ್ಲ, ಒಮ್ಮೆ ಹೋದವರು ಮೂರು ವರ್ಷ ಹೋಗುವಂತಿಲ್ಲ. ಈ ಎರಡು ಸಾಲು ಟಿಕೆಟ್ ಬರುವ ಮೊದಲೇ ಬರೆದಿರಬೇಕು. ಟಿಕೆಟ್ ಬಂದ ಮೇಲೆ ಬರೆದರೆ ಅದು ಯಾರೋ ಒಬ್ಬರ ವಿರುದ್ಧ ಬರೆದ ಹಾಗೆ ಕಾಣುತ್ತದೆ.

ಮಕ್ಕಳು

ಮಕ್ಕಳ ಮಾತಿಗೂ ಜಾಗ ಕೊಡಿ. ಯಾವ ಪ್ರಾಜೆಕ್ಟ್ ಆಯ್ಕೆಯಾಗಬೇಕು ಎನ್ನುವಲ್ಲಿ ಪ್ರತಿ ದೇಶದ ಇಬ್ಬರು ವಿದ್ಯಾರ್ಥಿಗಳ ಮಾತು ದಾಖಲಾಗಲಿ. ಭಾರತೀಯ ಕರಾರು ಕಾಯ್ದೆ 1872ರ ಪ್ರಕಾರ ಅಪ್ರಾಪ್ತರು ಕರಾರು ಮಾಡುವಂತಿಲ್ಲ, ಆದ್ದರಿಂದ ಬ್ಯಾಂಕು, ಸಹಿ ಇಂಥವುಗಳಲ್ಲಿ ಅವರ ಹೆಸರು ಬೇಡ. ಆದರೆ ಹಗ್ಗ ಇಳಿಸಿದವರು ಅವರು. ಅವರನ್ನು ಕೇಳಿದ್ದರೆ ನಮ್ಮ ಬಾವಿಯ ಕೆಲಸ ನಿಲ್ಲುತ್ತಿರಲಿಲ್ಲ ಎಂದು ಇವತ್ತಿಗೂ ನಂಬಿದ್ದೇನೆ.

ಫೋಟೊ, ಹೆಸರು, ದನಿ ಹೊರಗೆ ಹೋಗುವ ಮೊದಲು ಪಾಲಕರ ಒಪ್ಪಿಗೆ ಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರನ್ನೆಲ್ಲ ಮಕ್ಕಳು ಎನ್ನುತ್ತದೆ, ಪಾಲಕರ ಖಚಿತ ಒಪ್ಪಿಗೆ ಕೇಳುತ್ತದೆ. ಮಗುವಿನ ಕೈಯಲ್ಲಿ ಫಾರ್ಮ್ ಕೊಟ್ಟು 'ಸಹಿ ಮಾಡಿಸ್ಕೊಂಡು ಬಾ' ಎನ್ನಬೇಡಿ. ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯ ದಿನ ತಾಯಂದಿರನ್ನು ಕೂಡಿಸಿ, ಫೋಟೊ ಎಲ್ಲಿಗೆ ಹೋಗುತ್ತದೆ, ಯಾರು ನೋಡುತ್ತಾರೆ, ಬೇಡವಾದಾಗ ಹೇಗೆ ತೆಗೆಸಬಹುದು ಎಂದು ಕನ್ನಡದಲ್ಲೂ ಉರ್ದುವಿನಲ್ಲೂ ಹೇಳಿ. ಒಪ್ಪಿಗೆ ಒಂದು ಶಾಲಾ ವರ್ಷಕ್ಕೆ ಮಾತ್ರ. ಮಗು ಮತ್ತು ಹೊರದೇಶದವರ ನಡುವೆ ಖಾಸಗಿ ಸಂದೇಶ ಇರಲೇಕೂಡದು, ಎಲ್ಲವೂ ತರಗತಿಯ ಖಾತೆಯಿಂದ ಹೋಗಲಿ.

ಅಧಿಕಾರ ಬಿಡುವುದು

ಸಂಯೋಜಕರ ಅವಧಿ ಎರಡು ವರ್ಷ, ಎರಡೇ ಸಲ. ಸಮಿತಿಯ ಅರ್ಧ ಜನ ಒಂದು ವರ್ಷ, ಉಳಿದ ಅರ್ಧ ಮರುವರ್ಷ ಬದಲಾಗಲಿ, ಆಗ ಹಳಬರು ಒಬ್ಬರಾದರೂ ಉಳಿದಿರುತ್ತಾರೆ. ಪಾಸ್‌ವರ್ಡ್ ಯಾವಾಗಲೂ ಇಬ್ಬರ ಹತ್ತಿರ. ನಮ್ಮಲ್ಲಿ ವರ್ಗಾವಣೆ ಆದೇಶ ಬಂದರೆ ಶಿಕ್ಷಕರು ವಾರದೊಳಗೆ ಊರು ಬಿಟ್ಟಿರುತ್ತಾರೆ, ಜಾಲದ ಇಮೇಲ್ ಅವರ ಹಳೆಯ ಫೋನಿನಲ್ಲೇ ಉಳಿದುಹೋಗುತ್ತದೆ.

ಆದ್ದರಿಂದ ಪ್ರತಿ ಮಾರ್ಚ್‌ನಲ್ಲಿ ಒಂದು ಹಾಳೆ ಬರೆಯಿರಿ. ಖಾತೆಗಳು ಯಾವುವು, ಮುಂದಿನ ಸಭೆ ಯಾವತ್ತು, ಯಾವ ಠರಾವಿಗೆ ಉತ್ತರ ಬಾಕಿ ಇದೆ, ಯಾವ ಮಗುವಿನ ಒಪ್ಪಿಗೆ ಎಂದು ಮುಗಿಯುತ್ತದೆ. ಒಂದು ಪ್ರತಿ ಮುಖ್ಯ ಶಿಕ್ಷಕರ ಕಪಾಟಿನಲ್ಲಿ, ಇನ್ನೊಂದು ಬೇರೆ ಶಾಲೆಯ ಸದಸ್ಯರ ಹತ್ತಿರ. ನಾನು ನಿವೃತ್ತಳಾದ ದಿನ ಕೊಟ್ಟುಬಂದ ಹಾಳೆಯಲ್ಲಿ ಹದಿನೇಳು ಸಾಲುಗಳಿದ್ದವು. ಕೊನೆಯ ಸಾಲು, ಗಂಟು ಹಾಕಿದ ಹಗ್ಗ ಪ್ರಯೋಗಾಲಯದ ಬಲಗಡೆಯ ಕಪಾಟಿನಲ್ಲಿದೆ, ಗಂಟಿನಿಂದ ಗಂಟಿಗೆ ಅರ್ಧ ಮೀಟರ್.