ತೆಂಗಿನ ಸಸಿಗೆ ಮುಳ್ಳುಹಂದಿ ಕಾಟ: ಬುಡ ಕಾಯುವ ಬಲೆ

ತೆಂಗಿಗೆ ಇರುವುದು ಒಂದೇ ಸುಳಿ. ಮಾವಿನ ಚಿಗುರನ್ನು ಮೇಕೆ ಮೇಯ್ದರೆ ಪಕ್ಕದಿಂದ ಮತ್ತೆ ಒಡೆಯುತ್ತದೆ. ತೆಂಗಿನ ಸಸಿಯ ಬುಡ ಕೊರೆದು ಮುಳ್ಳುಹಂದಿ ಒಳಗಿನ ಬಿಳಿ ತಿರುಳು ತಿಂದರೆ ಮಾತ್ರ ಅದು ಅಲ್ಲಿಗೇ ಮುಗಿಯಿತು. ಸಸಿಯ ಸುತ್ತ ತಂತಿ ಬಲೆಯನ್ನು ನೆಟ್ಟ ದಿನವೇ ಹಾಕಿ, ಮೊದಲ ಸಸಿ ಹೋಗಲಿ ಎಂದು ಕಾಯಬೇಡಿ.

ಬಂದದ್ದು ಯಾವ ಪ್ರಾಣಿ ಎಂದು ಮೊದಲು ನೋಡಿ. ಬುಡದಲ್ಲಿ ಉಳಿ ಹಾಕಿದಂತೆ ಜೋಡಿ ಹಲ್ಲಿನ ಗೀರುಗಳಿದ್ದು, ಹತ್ತಿರ ಕಪ್ಪು ಬಿಳಿ ಪಟ್ಟೆಯ ಮುಳ್ಳು ಬಿದ್ದಿದ್ದರೆ ಮುಳ್ಳುಹಂದಿ. ನೇಗಿಲು ಹೊಡೆದಂತೆ ಮಣ್ಣು ಮಗುಚಿದ್ದರೆ ಕಾಡುಹಂದಿ. ಅದು ಹೆಚ್ಚಾಗಿ ಗೊಣ್ಣೆಹುಳು ಹುಡುಕಿ ಬರುತ್ತದೆ. ಹಸಿ ಸಗಣಿ ಸುರಿದ ಗುಣಿಯಲ್ಲಿ ಈ ಹುಳು ಬೆಳೆಯುತ್ತದೆ, ಆದ್ದರಿಂದ ಚೆನ್ನಾಗಿ ಕಳಿತ ಗೊಬ್ಬರವನ್ನೇ ಹಾಕಿ.

ಸಸಿಯೊಂದಕ್ಕೆ 4 ಅಡಿ ಅಗಲ, 7 ಅಡಿ ಉದ್ದದ ವೆಲ್ಡ್ ಮೆಶ್ (ಬೆಸುಗೆ ಹಾಕಿದ ತಂತಿ ಬಲೆ) ಬೇಕು. ತಂತಿ 14 ಗೇಜ್, ಕಣ್ಣು 2 ಇಂಚಿನೊಳಗೆ ಇರಲಿ. ಕೋಳಿಗೂಡಿಗೆ ಬಳಸುವ ಬಲೆ ಅಗ್ಗ, ಆದರೆ ಹಲ್ಲಿಗೆ ಸುಲಭವಾಗಿ ಹರಿಯುತ್ತದೆ. ತುಂಡಿನ ಕೆಳಅಂಚಿನಲ್ಲಿ ಅರ್ಧ ಅಡಿಗೊಂದರಂತೆ, ಅರ್ಧ ಅಡಿ ಆಳಕ್ಕೆ ಸೀಳು ಕತ್ತರಿಸಿ. ತುದಿಗಳು 6 ಇಂಚು ಒಂದರ ಮೇಲೊಂದು ಬರುವಂತೆ ಸುತ್ತಿ ಬೈಂಡಿಂಗ್ ವೈರ್‌ನಿಂದ ಕಟ್ಟಿದರೆ ಸುಮಾರು 2 ಅಡಿ ಅಗಲದ ಉಂಗುರ ಸಿಗುತ್ತದೆ. ಸೀಳಿದ ಪಟ್ಟಿಗಳನ್ನು ಹೊರಕ್ಕೆ ಮಡಚಿ, ಬಲೆಯನ್ನು ಗುಣಿಯೊಳಗೆ ಅರ್ಧ ಅಡಿ ಕೆಳಗೆ ಹೂತು, ಮಣ್ಣು ತುಳಿದು ಗಟ್ಟಿ ಮಾಡಿ. ಮುಳ್ಳುಹಂದಿ ಬಲೆಗೆ ಒತ್ತಿಕೊಂಡೇ ಕೆರೆಯುತ್ತದೆ. ಹೊರಕ್ಕೆ ಚಾಚಿದ ಪಟ್ಟಿ ಪಂಜಕ್ಕೆ ಅಡ್ಡ ಬರುತ್ತದೆ. ಬರೀ ನೇರಕ್ಕೆ ಹೂತರೆ ಅಡಿಯಿಂದ ನುಸುಳುತ್ತದೆ. ಎರಡು ಗೂಟ ಹೊಡೆದು ಬಲೆಗೆ ಕಟ್ಟಿ.

ಎಡವಟ್ಟಾಗುವುದು ಎರಡನೇ ವರ್ಷ. ಗುಣಿಗೆ ಮಣ್ಣು ಎಳೆದಂತೆಲ್ಲ ಬಲೆಯ ಎತ್ತರ ಕುಗ್ಗುತ್ತದೆ. ಮಣ್ಣಿನ ಮೇಲೆ ಎರಡೂವರೆ ಅಡಿಗಿಂತ ಕಡಿಮೆ ಉಳಿದರೆ ಮೇಲೊಂದು ತುಂಡು ಜೋಡಿಸಿ. ಒಣ ಗರಿಗಳನ್ನು ಬಲೆಗೆ ಒರಗಿಸಬೇಡಿ, ಅದೇ ಮೆಟ್ಟಿಲಾಗುತ್ತದೆ. ಬುಡ ಗಟ್ಟಿಯಾಗಿ ಕಾಂಡ ಕಾಣಿಸುವ ತನಕ ಬಲೆ ತೆಗೆಯಬೇಡಿ.

ಬೇಲಿಗೆ ನೇರ ಕರೆಂಟ್ ಕೊಡುವುದು, ಉರುಳು ಕಟ್ಟುವುದು ದಯವಿಟ್ಟು ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ ಎನ್ನುವುದು ಒಂದು. ಆ ತಂತಿಗೆ ಸಿಕ್ಕಿ ಪಕ್ಕದ ತೋಟದ ಆಳು, ಹಸು ಸತ್ತದ್ದೂ ಇದೆ.

ಫಲ ಬಿಡುವ ಮರಕ್ಕೆ ಕಾಟ ಇಲಿಯದು. ನೆಲದಿಂದ 6 ಅಡಿ ಮೇಲೆ ಒಂದೂವರೆ ಅಡಿ ಅಗಲದ ನುಣುಪು ತಗಡನ್ನು ಕಾಂಡಕ್ಕೆ ಬಿಗಿಯಾಗಿ ಸುತ್ತಿ, ಮೇಲೆ ಕೆಳಗೆ ತಂತಿ ಬಿಗಿಯಿರಿ. ಮೊಳೆ ಬೇಡ, ತೆಂಗಿನ ಕಾಂಡಕ್ಕೆ ಆದ ಗಾಯ ಮಾಯುವುದಿಲ್ಲ. ಸುತ್ತುವ ಮೊದಲು ಮರ ಹತ್ತಿಸಿ ಸುಳಿಯ ಬಳಿಯ ಇಲಿಗೂಡು ತೆಗೆಸಿ, ಇಲ್ಲವಾದರೆ ಇಲಿ ಮೇಲೆಯೇ ಉಳಿಯುತ್ತದೆ. ಗರಿ ಪಕ್ಕದ ಮರಕ್ಕೆ ತಾಗುತ್ತಿದ್ದರೆ ಒಂದೇ ಮರಕ್ಕೆ ತಗಡು ಸುತ್ತಿ ಫಲವಿಲ್ಲ, ತಾಗುವ ಮರಗಳಿಗೆಲ್ಲ ಸುತ್ತಬೇಕು.