ಕಲ್ಲಂಗಳದ ಕಾವು ಇಳಿಸಿದ ಬಗೆ

ಚಿತ್ರದುರ್ಗದ ಹೊರವಲಯದ ಪುಟ್ಟ ರೆಸಾರ್ಟ್ ಒಂದರ ಅಂಗಳವನ್ನು ರೂಪಿಸುವ ಕೆಲಸ ಬಂದಾಗ, ಸುತ್ತಲಿನ ಬಂಡೆಗಳ ಚೆಲುವಿಗೆ ಒಪ್ಪಲೆಂದು ನೆಲಕ್ಕೆಲ್ಲ ಗ್ರಾನೈಟ್ ಚಪ್ಪಡಿ ಹಾಸಿಸಿ, ಕೂರುವ ಜಾಗಕ್ಕೆ ತಗಡಿನ ಸೂರು ಹಾಕಿಸಿದ್ದೆ. ಏಪ್ರಿಲ್‌ನಲ್ಲಿ ನನ್ನ ತಪ್ಪು ತಿಳಿಯಿತು. ಸಂಜೆ ಏಳಾದರೂ ಹಿರಿಯರೊಬ್ಬರು ಕಲ್ಲುಬೆಂಚಿನ ಮೇಲೆ ಅಂಗೈ ಊರಿ ಥಟ್ಟನೆ ಹಿಂದೆಗೆದು, ಕುರ್ಚಿ ಎಳೆದುಕೊಂಡು ಬೇವಿನ ಮರದಡಿಯ ಮಣ್ಣಿಗೆ ಹೋದರು.

ಮರುದಿನ ಮಧ್ಯಾಹ್ನ ಎರಡೂ ಕಡೆ ಸಾಧಾರಣ ಉಷ್ಣಮಾಪಕ ತೂಗುಹಾಕಿದರೆ ಸಿಕ್ಕಿದ್ದು ಒಂದೇ ಡಿಗ್ರಿಯ ವ್ಯತ್ಯಾಸ. ಮೈ ಸುಡುತ್ತಿದ್ದುದು ಗಾಳಿಯ ಬಿಸಿಗಿಂತ ಹೆಚ್ಚಾಗಿ ಕಲ್ಲು ಮತ್ತು ತಗಡು ಸೂಸುವ ಝಳ. ಅದನ್ನು ಅಳೆಯಲು 40 ಮಿಲಿಮೀಟರಿನ ಟೇಬಲ್ ಟೆನಿಸ್ ಚೆಂಡಿಗೆ ಹೊಳಪಿಲ್ಲದ ಕಪ್ಪು ಬಣ್ಣ ಬಳಿದು, ಸಣ್ಣ ತೂತು ಕೊರೆದು, ಸೆನ್ಸರ್ ತಂತಿಯ ತುದಿ ಚೆಂಡಿನ ನಟ್ಟನಡುವೆ ನಿಲ್ಲುವಂತೆ ಇಳಿಸಿ, ತೂತಿಗೆ ಮೇಣ ಮೆತ್ತಿದೆ. ಇಂಥ ಝಳ ಅಳೆಯಲು ಬಳಸುವ ಪ್ರಮಾಣಿತ ಕಪ್ಪು ಗೋಳವು 150 ಮಿಲಿಮೀಟರಿನ ತಾಮ್ರದ್ದು; ಅದರ ಅಂಕಿ ಸ್ಥಿರವಾಗಲು ಇಪ್ಪತ್ತು ನಿಮಿಷವಾದರೂ ಬೇಕು, ಚೆಂಡಿಗೆ ಕೆಲವೇ ನಿಮಿಷ ಸಾಕು. ನೆಲದಿಂದ 1.1 ಮೀಟರ್ ಎತ್ತರದಲ್ಲಿ ಅದನ್ನು ಕಟ್ಟಿ ನೋಡಿದಾಗ, ತಗಡಿನಡಿ ಚೆಂಡಿನೊಳಗಿನ ಬಿಸಿ ಗಾಳಿಯದಕ್ಕಿಂತ ನಾಲ್ಕೈದು ಡಿಗ್ರಿ ಹೆಚ್ಚಿತ್ತು. ಬೇವಿನಡಿ ಹೆಚ್ಚುಕಡಿಮೆ ಗಾಳಿಯಷ್ಟೇ ಇತ್ತು. ಎಲೆಗಳು ಬಿಸಿಲನ್ನು ತಡೆಯುವುದಲ್ಲದೆ ನೀರನ್ನು ಆವಿಯಾಗಿ ಬಿಡುತ್ತ ತಾವೂ ತಂಪಾಗಿರುತ್ತವೆ, ತಗಡಿಗೆ ಆ ಗುಣವಿಲ್ಲ.

ತಗಡಿನ ಮೇಲೆ ಒಂದು ಗೇಣು ಸಂದು ಬಿಟ್ಟು ತೆಂಗಿನ ಸೋಗೆ ಹೊದಿಸಿದೆ. ಸಂದಿನಲ್ಲಿ ಗಾಳಿಯಾಡಿ ತಗಡು ಕಾಯುವುದು ಕಡಿಮೆಯಾಯಿತು. ಪಡುವಣ ಬದಿಯ ಚಪ್ಪಡಿ ಕೀಳಿಸಿ, ಮಣ್ಣು ತುಂಬಿಸಿ ಹೊಂಗೆ ನೆಡಿಸಿದೆ. ಆ ಬದಿಗೆ ಗೋಡೆ ಎಬ್ಬಿಸಲು ಮಾತ್ರ ನಾನು ಒಪ್ಪಲಿಲ್ಲ, ಏಕೆಂದರೆ ಜೋಗಿಮಟ್ಟಿ ಬೆಟ್ಟದ ಗಾಳಿಯಂತ್ರಗಳನ್ನು ತಿರುಗಿಸುವ ಮುಂಗಾರು ಗಾಳಿಯನ್ನು ತಡೆದರೆ ಅಂಗಳಕ್ಕೆ ಇರುವ ದೊಡ್ಡ ಅನುಕೂಲವೇ ಹೋಗುತ್ತದೆ.

ಸಣ್ಣ ತುಂತುರು ಹಾರಿಸುವ ಕೊಳವೆಗಳೂ ಇಲ್ಲಿ ಫಲ ಕೊಟ್ಟವು. ದುರ್ಗದ ಬೇಸಿಗೆ ಒಣ ಬೇಸಿಗೆಯಾದ್ದರಿಂದ ಹನಿ ನೆಲ ಮುಟ್ಟುವ ಮೊದಲೇ ಆರಿ ಗಾಳಿಯನ್ನು ತಂಪಾಗಿಸುತ್ತದೆ. ಅದನ್ನೇ ದಾವಣಗೆರೆ ಕಡೆಯ ಭದ್ರಾ ನಾಲೆಯ ಗದ್ದೆ ಬಯಲಿನ ತೋಟದ ಮನೆಯೊಂದಕ್ಕೆ ಮಳೆಗಾಲದಲ್ಲಿ ಹಾಕಿಸಿದಾಗ ಬಟ್ಟೆ ಮೈಗಂಟಿ ಸೆಕೆ ಹೆಚ್ಚಿತೇ ಹೊರತು ತಂಪಾಗಲಿಲ್ಲ. ಬಿಸಿಲಿನಲ್ಲಿ ದುಡಿಯುವವರ ಸುರಕ್ಷತೆಗಾಗಿ ಬಳಸುವ ಸೂಚ್ಯಂಕದಲ್ಲಿ ಗಾಳಿಯ ತೇವವನ್ನೂ ಲೆಕ್ಕಕ್ಕೆ ತರುವ, ಒದ್ದೆಬಟ್ಟೆ ಸುತ್ತಿದ ಉಷ್ಣಮಾಪಕಕ್ಕೆ 0.7, ಕಪ್ಪು ಗೋಳಕ್ಕೆ 0.2, ಗಾಳಿಯ ಉಷ್ಣತೆಗೆ ಕೇವಲ 0.1 ತೂಕ ಕೊಟ್ಟಿರುವುದರ ಅರ್ಥ ನನಗೆ ಮನದಟ್ಟಾದದ್ದು ಅಲ್ಲಿಯೇ. ಆ ಕೊಳವೆಗಳನ್ನು ನಾನೇ ನಿಂತು ಬಿಚ್ಚಿಸಿದೆ.

ಹೊಂಗೆ ತಲೆಯ ಮೇಲೆ ನೆರಳು ಚೆಲ್ಲಲು ಇನ್ನೂ ಕೆಲವು ವರ್ಷ ಬೇಕು. ಅಲ್ಲಿಯವರೆಗೆ ಪಡುವಣಕ್ಕೆ ನರ್ಸರಿಯವರು ಕಟ್ಟುವ ಹಸಿರು ಶೇಡ್‌ನೆಟ್ ಕಟ್ಟಿಸಿದ್ದೇನೆ.