ಆರಕ್ಕೆ ಯಾಕೆ ನಿದ್ದೆ ಇಲ್ಲ?

ಇಂಗ್ಲಿಷಿನಲ್ಲಿ ಒಂದು ಹಳೇ ಜೋಕು ಇದೆ. ಆರಕ್ಕೆ ಏಳನ್ನು ಕಂಡರೆ ಯಾಕೆ ಹೆದರಿಕೆ? ಏಳು ಒಂಬತ್ತನ್ನು ತಿಂದುಬಿಟ್ಟಿದೆ, ಅದಕ್ಕೆ. ಇಂಗ್ಲಿಷಿನಲ್ಲಿ ಎಂಟು ಅನ್ನೋದಕ್ಕೂ ತಿಂದಿತು ಅನ್ನೋದಕ್ಕೂ ಕಿವಿಗೆ ಒಂದೇ ಸದ್ದು, ಏಟ್. ಹಾಗಾಗಿ ಏಳು, ಎಂಟು, ಒಂಬತ್ತು ಅಂತ ಎಣಿಸಿದರೆ ಏಳು ಒಂಬತ್ತನ್ನು ತಿಂದ ಹಾಗೆ ಕೇಳುತ್ತದೆ. ಗಣಿತ, ವಿಜ್ಞಾನ ಕಲಿಸುವ ನಾನು ಇದನ್ನು ಎಂಟನೇ ತರಗತಿಯ ಮಕ್ಕಳಿಗೆ ಕನ್ನಡದಲ್ಲಿ ಹೇಳಿದೆ. ಒಬ್ಬರೂ ನಗಲಿಲ್ಲ. ಮುಂದಿನ ಬೆಂಚಿನ ಹುಡುಗಿ ಮಾತ್ರ ಬಹಳ ಗಂಭೀರವಾಗಿ, "ಒಂಬತ್ತನ್ನೇ ಎಂತಕ್ಕೆ ತಿಂತು ಅಕ್ಕೋರೆ? ಪಕ್ಕದಲ್ಲಿ ಎಂಟು ಇತ್ತಲ್ಲ" ಅಂತ ಕೇಳಿದಳು.

ನಾನು ಬೋರ್ಡಿನ ಮೇಲೆ ಇಂಗ್ಲಿಷ್ ಪದ ಬರೆದು ಐದು ನಿಮಿಷ ವಿವರಿಸಿದೆ. ಅಷ್ಟರಲ್ಲಿ ಹಿಂದಿನಿಂದ ಒಬ್ಬ ಎದ್ದು ನಿಂತ. ಅವನು ಒಳಗಿನ ಹಳ್ಳಿಯಿಂದ ಬೆಳಿಗ್ಗೆಯ ಬಸ್ಸಿಗೆ ಬರುವವನು. "ಆರಕ್ಕೆ ಹೆದರಿಕೆ ಅಲ್ಲ ಅಕ್ಕೋರೆ, ನಿದ್ದೆ ಇಲ್ಲ. ಪಕ್ಕದಲ್ಲೇ ಯಾವಾಗ ನೋಡಿದ್ರೂ ಏಳು, ಏಳು ಅಂತಾರಲ್ಲ" ಅಂದ. ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ನಗು ನಿಲ್ಲೋ ಮೊದಲೇ ಅವನ ಪಕ್ಕದವನು ಸೇರಿಸಿದ, "ಇವನ ಬಸ್ಸು ಏಳು ಹತ್ತಕ್ಕೆ ಅಕ್ಕೋರೆ. ಇವನ ಆಯಿ ದಿನಾ ಹೇಳೋದೂ ಅದೇ: ಏಳು, ಹತ್ತು!"

ಅವತ್ತು ನನಗೆ ಒಂದು ವಿಷಯ ಗೊತ್ತಾಯಿತು. ಗಣಿತದ ಜೋಕನ್ನು ಹೊರಗಿಂದ ತಂದು ಮಕ್ಕಳ ಮುಂದೆ ಇಡೋದು ಬೇಡ. ಕನ್ನಡದ ಅಂಕಿಗಳಲ್ಲೇ ಅದು ಇದೆ. ಆರು, ಏಳು, ಹತ್ತು, ಮೂರೂ ಕ್ರಿಯಾಪದಗಳು. ದೀಪ ಆರುತ್ತದೆ, ಮನುಷ್ಯ ಏಳುತ್ತಾನೆ, ಬಸ್ಸು ಹತ್ತುತ್ತಾನೆ. ಇಷ್ಟು ವರ್ಷ ಗಣಿತ ಕಲಿಸಿದ ನನಗೆ ಇದು ಹೊಳೆದಿರಲಿಲ್ಲ, ಏಳು ಹತ್ತರ ಬಸ್ಸಿನ ಹುಡುಗನಿಗೆ ಹೊಳೆಯಿತು.

ಅಂಕೋಲಾ ಕಡೆಗೆ ಬರೋ ಮೊದಲು ನಾನು ಘಟ್ಟದ ಮೇಲೆ, ಶಿರಸಿ ತಾಲ್ಲೂಕಿನಲ್ಲಿ ಇದ್ದೆ. ಅಲ್ಲಿನ ಮಕ್ಕಳಿಗೆ ಅಡಿಕೆ ತೋಟ, ಪಾಲು, ಹಿಸ್ಸೆ ಇವೆಲ್ಲ ಮನೆಮಾತು. ಅವಿಭಾಜ್ಯ ಸಂಖ್ಯೆ ಕಲಿಸುವಾಗ ಒಬ್ಬಳು ಹೇಳಿದ್ದು ಇವತ್ತಿಗೂ ನೆನಪಿದೆ: "ತೋಟ 37 ಗುಂಟೆ ಇದ್ರೆ ಅಣ್ಣ ತಮ್ಮಂದಿರ ಜಗಳ ಮುಗಿಯೋದೇ ಇಲ್ಲ. ಒಂದೋ ಎಲ್ಲಾ ಒಬ್ಬನಿಗೆ, ಇಲ್ಲ ಅಂದ್ರೆ 37 ಜನ ಮಕ್ಕಳು ಬೇಕು." ಒಂದು ಎಕರೆಗೆ 40 ಗುಂಟೆ. 40ನ್ನು ಎರಡು, ನಾಲ್ಕು, ಐದು, ಎಂಟು, ಹತ್ತು, ಇಪ್ಪತ್ತು ಪಾಲು ಮಾಡಬಹುದು. 37ನ್ನು ಗುಂಟೆ ಒಡೆಯದೆ ಮಾಡೋಕಾಗಲ್ಲ. ಅವಿಭಾಜ್ಯ ಅಂದರೆ ಏನು ಅಂತ ಪುಸ್ತಕದ ವ್ಯಾಖ್ಯೆಗಿಂತ ಚೆನ್ನಾಗಿ ಅವಳು ಒಂದೇ ಮಾತಿನಲ್ಲಿ ಹೇಳಿದ್ದಳು. ಆಗ ನಾನು ನಕ್ಕು ಮುಂದೆ ಹೋಗಿದ್ದೆ. ಈಗಾಗಿದ್ದರೆ ಬರೆದಿಟ್ಟುಕೊಳ್ಳುತ್ತಿದ್ದೆ.

ಈಗ ಬರೆದಿಟ್ಟುಕೊಳ್ಳುತ್ತೇನೆ. ತರಗತಿಯಲ್ಲಿ 200 ಪುಟದ ಒಂದು ನೋಟ್‌ಬುಕ್ ಇದೆ, ಮಕ್ಕಳದ್ದೇ. ವಾರಕ್ಕೊಂದು ಜೋಕು ಬೋರ್ಡಿನ ಮೂಲೆಯಲ್ಲಿ ಬರುತ್ತದೆ. ಶುಕ್ರವಾರ ಬರೆಯೋದು, ಸೋಮವಾರದವರೆಗೆ ಯಾರೂ ವಿವರಿಸುವ ಹಾಗಿಲ್ಲ. ಇದು ನಾನು ಮಾಡಿದ ಒಂದೇ ನಿಯಮ, ಮತ್ತು ಇದೇ ಮುಖ್ಯ. ಜೋಕನ್ನು ಬಿಡಿಸಿ ಹೇಳಿದರೆ ಅದು ಸತ್ತುಹೋಗುತ್ತದೆ, ಎಲ್ಲರಿಗೂ ಗೊತ್ತು. ಆದರೆ ವಿಜ್ಞಾನದ ಜೋಕಿನಲ್ಲಿ ಇನ್ನೊಂದು ನಷ್ಟವೂ ಇದೆ. ನಗು ಬಂತು ಅಂದರೆ ಪಾಠ ತಲೆಗೆ ಹೋಗಿದೆ ಅಂತ ಅರ್ಥ, ಬರಲಿಲ್ಲ ಅಂದರೆ ಎಲ್ಲೋ ಸಿಕ್ಕಿಹಾಕಿಕೊಂಡಿದೆ. ನಾನೇ ವಿವರಿಸಿಬಿಟ್ಟರೆ ಯಾರಿಗೆ ಹೋಗಿದೆ, ಯಾರಿಗೆ ಇಲ್ಲ ಅಂತ ನನಗೆ ತಿಳಿಯೋದೇ ಇಲ್ಲ. ಹಾಗಾಗಿ ಸುಮ್ನೆ ಕಾಯ್ತೇನೆ.

ಒಂದು ಶುಕ್ರವಾರ ಬರೆದದ್ದು ಇದು: ಪೈ ಅವರಿಗೆ ತೋಟದಲ್ಲಿ ಪಾಲು ಯಾಕೆ ಸಿಗಲಿಲ್ಲ? ಅವರು ಅಭಾಗಲಬ್ಧರು.

ನಮ್ಮ ಕರಾವಳಿಯಲ್ಲಿ ಪೈ ಅಂದರೆ ಮೊದಲು ನೆನಪಾಗೋದು ಅಂಗಡಿಯ ಪೈ ಮಾಮ, ಆಮೇಲೆ ವೃತ್ತದ ಪೈ. ಇನ್ನು ಅಭಾಗಲಬ್ಧ ಅನ್ನೋ ಪದ ಕಂಡರೆ ಮಕ್ಕಳು ಹೆದರ್ತಾರೆ. ಅದನ್ನು ಒಡೆದು ನೋಡಿ, ಅ-ಭಾಗ-ಲಬ್ಧ, ಪಾಲು ಸಿಗದ್ದು. ಒಂದು ಪೂರ್ಣಾಂಕವನ್ನು ಇನ್ನೊಂದರಿಂದ ಭಾಗಿಸಿ ಬರೆಯೋಕಾಗದ ಸಂಖ್ಯೆ, ಅಷ್ಟೇ. ಅವತ್ತು ನಾಲ್ಕೈದು ಜನ ನಕ್ಕರು, ಅದೂ ಪೈ ಮಾಮನ ನೆನಪಿಗೆ. ಸೋಮವಾರ ಬೆಳಿಗ್ಗೆ ಪ್ರಾರ್ಥನೆಯ ಸಾಲಿನಲ್ಲಿ, ರಾಷ್ಟ್ರಗೀತೆ ಮುಗಿದು ಎಲ್ಲ ಸುಮ್ಮನಿದ್ದಾಗ, ಹತ್ತನೇ ತರಗತಿಯ ಒಬ್ಬಳು ಫಕ್ಕನೆ ನಕ್ಕಳು. ಬಾಯಿಗೆ ಕೈ ಅಡ್ಡ ಹಿಡಿದುಕೊಂಡರೂ ಭುಜ ಕುಣೀತಾ ಇತ್ತು. ಆಮೇಲೆ ಕರೆದು ಕೇಳಿದರೆ, "ಈಗ ತಿಳೀತು ಅಕ್ಕೋರೆ, ಭಾಗ ಸಿಕ್ಕಿಲ್ಲ!" ಅಂದಳು. ಮೂರು ದಿನ ಅದು ಅವಳ ತಲೆಯೊಳಗೆ ಓಡಾಡಿತ್ತು. ಮೂರು ದಿನ ಒಂದು ಮಗು ತಾನಾಗಿಯೇ ಅಭಾಗಲಬ್ಧದ ಬಗ್ಗೆ ಯೋಚನೆ ಮಾಡುತ್ತದೆ ಅಂದರೆ ನನಗೆ ಅದಕ್ಕಿಂತ ದೊಡ್ಡ ಖುಷಿ ಇಲ್ಲ.

ಪೈ ವಿಷಯ ಬಂತಲ್ಲ, ಇನ್ನೊಂದು ಹೇಳಿಬಿಡ್ತೇನೆ. ಮಾರ್ಚ್ 14ರ ಪೈ ದಿನ ನಮಗೆ ಹೊಂದೋದಿಲ್ಲ. ಅದು ಅಮೆರಿಕದವರು 3/14 ಅಂತ ತಿಂಗಳು ಮೊದಲು ಬರೆಯುವ ಲೆಕ್ಕ, ಸಾಲದ್ದಕ್ಕೆ ನಮಗೆ ಪರೀಕ್ಷೆಯ ಸಮಯ. ನಾವು ಜುಲೈ 22ಕ್ಕೆ ಮಾಡ್ತೇವೆ. ನಮ್ಮ ಕ್ರಮದಲ್ಲಿ ಬರೆದರೆ 22/7. ಹೊರಗೆ ಆಷಾಢದ ಮಳೆ, ಹೆಂಚಿನ ಮೇಲೆ ಸದ್ದು ಜಾಸ್ತಿ, ಪಾಠ ಕೇಳೋದಿಲ್ಲ. ಬಳೆ, ಡಬ್ಬಿ ಮುಚ್ಚಳ, ತಟ್ಟೆ ತಂದು ದಾರ ಸುತ್ತಿ ಅಳೀತಾರೆ. ಆ ದಿನದ ಜೋಕನ್ನೂ ಮಕ್ಕಳೇ ಮಾಡಿದ್ದು: ಪೈ ಮಾಮ ಅಭಾಗಲಬ್ಧರು, ಆದರೆ ಅವರ ಹಬ್ಬಕ್ಕೆ ಬಂದ 22/7 ಭಾಗಲಬ್ಧ, ಪಾಲು ಕೇಳೋಕೆ ಬಂದಿದ್ದಾನೆ! ನಿಜ ತಾನೆ? 22/7 ಅಂದರೆ 3.142857, ಪೈ 3.14159. ತುಸು ಜಾಸ್ತಿಯೇ ಕೇಳ್ತಾನೆ.

ಯಕ್ಷಗಾನ ನೋಡಿದವರಿಗೆ ಈ ಪದ ಒಡೆಯುವ ಕೆಲಸ ಹೊಸದೇನಲ್ಲ. ರಾಜ ಗ್ರಂಥದ ಭಾಷೆಯಲ್ಲಿ ಗಂಭೀರವಾಗಿ ಮಾತಾಡ್ತಾನೆ. ಹಾಸ್ಯಗಾರ ದೂತನಾಗಿಯೋ ಬ್ರಾಹ್ಮಣನಾಗಿಯೋ ಬಂದು ಅದೇ ಪದವನ್ನು ಹಿಡಿದು, ಮನೆಮಾತಿನಲ್ಲಿ ಬೇರೆ ಅರ್ಥ ತೆಗೆದು ತಿರುಗಿಸಿ ಕೇಳ್ತಾನೆ. ನಿದ್ದೆ ಹೋಗ್ತಿದ್ದವರೆಲ್ಲ ಎದ್ದು ಕೂರ್ತಾರೆ. ನಮ್ಮ ಗಣಿತ, ವಿಜ್ಞಾನದ ಪುಸ್ತಕ ಪೂರ್ತಿ ರಾಜನ ಮಾತು, ಅಲ್ವಾ? ವರ್ಗಮೂಲ, ಘಾತ, ಶೇಷ, ಪ್ರತ್ಯಾಮ್ಲ. ಅಲ್ಲಿಗೆ ಒಬ್ಬ ಹಾಸ್ಯಗಾರ ಬೇಕೇ ಬೇಕು. 17ನ್ನು 5ರಿಂದ ಭಾಗಿಸಿದರೆ ಶೇಷ ಯಾಕೆ ಉಳಿಯಿತು ಅಂತ ಕೇಳಿದ್ದಕ್ಕೆ ಒಬ್ಬ, "ವಿಷ್ಣು ಮೇಲೆ ಮಲಗಿದಾನೆ ಅಕ್ಕೋರೆ, ಶೇಷ ಎದ್ದು ಹೋಗೋದು ಹೇಗೆ?" ಅಂದ. ಪಕ್ಕದವನು, "15 ಕೊಟ್ಟಿದ್ರೆ ವಿಷ್ಣು ನೆಲದ ಮೇಲೆ ಮಲಗ್ಬೇಕಾಗಿತ್ತು" ಅಂದ. ಅವನಿಗೆ ಶೇಷ ಸೊನ್ನೆ ಅಂದರೆ ಏನು ಅಂತ ಮತ್ತೆ ಕಲಿಸಬೇಕಾದ್ದಿಲ್ಲ.

ಎಲ್ಲವೂ ಚೆನ್ನಾಗಿಯೇ ಆಗಲಿಲ್ಲ. ಒಂದು ತಪ್ಪು ಮಾಡಿದೆ, ಅದನ್ನೂ ಹೇಳಬೇಕು. ಚಂದ್ರನ ಮೇಲೆ ಗುರುತ್ವ ಭೂಮಿಯ ಸುಮಾರು ಆರನೇ ಒಂದು ಭಾಗ. ಆ ಪಾಠ ಮಾಡುವಾಗ ಸ್ವಲ್ಪ ದಪ್ಪಗಿದ್ದ ಹುಡುಗನಿಗೆ, "ನೀನು ಅಲ್ಲಿಗೆ ಹೋಗು, ಹಗುರ ಆಗ್ತೀಯ" ಅಂದುಬಿಟ್ಟೆ. ಎಲ್ಲರೂ ನಕ್ಕರು, ಅವನೂ ನಕ್ಕ. ಮರುದಿನದಿಂದ ಅವನ ಹೆಸರು ಚಂದ್ರ ಆಯಿತು. ಆಟದ ಬಯಲಿನಲ್ಲಿ, ಬಿಸಿಯೂಟದ ಸಾಲಿನಲ್ಲಿ, ಎಲ್ಲ ಕಡೆ ಚಂದ್ರ. ನನಗೆ ಗೊತ್ತಾಗಿದ್ದು ಎರಡು ತಿಂಗಳಾದ ಮೇಲೆ, ಅವನ ಅಮ್ಮ ಬಂದು ಹೇಳಿದಾಗ. ತರಗತಿಯ ಎದುರೇ ಅವನ ಹತ್ತಿರ ತಪ್ಪಾಯಿತು ಅಂದೆ. ಹೆಸರು ಮಾತ್ರ ಅಷ್ಟು ಬೇಗ ಹೋಗಲಿಲ್ಲ. ಅವತ್ತಿನಿಂದ ಜೋಕು ಸಂಖ್ಯೆಯ ಮೇಲೆ, ಪದದ ಮೇಲೆ, ವಸ್ತುವಿನ ಮೇಲೆ ಮಾತ್ರ. ಎದುರಿಗಿರುವ ಮಗುವಿನ ಮೇಲೆ ಯಾವತ್ತೂ ಇಲ್ಲ.

ಅದೇ ಪಾಠಕ್ಕೆ ಮರುವರ್ಷ ಬೇರೆ ಪ್ರಶ್ನೆ ಇಟ್ಟೆ. ಚಂದ್ರನ ಮೇಲೆ ಮೀನು ಮಾರೋಕೆ ಯಾವ ತಕ್ಕಡಿ ಒಯ್ಯಬೇಕು? ಎರಡು ತಟ್ಟೆಯ ತಕ್ಕಡಿ ಅಲ್ಲೂ ಸರಿಯಾಗಿಯೇ ತೋರಿಸುತ್ತದೆ, ಯಾಕಂದ್ರೆ ಕಲ್ಲೂ ಮೀನೂ ಒಟ್ಟಿಗೆ ಹಗುರ ಆಗ್ತವೆ. ಸ್ಪ್ರಿಂಗ್ ತಕ್ಕಡಿ ಒಯ್ದರೆ ಅದು ಒಂದು ಕಿಲೋ ತೋರಿಸೋ ಹೊತ್ತಿಗೆ ಹತ್ತಿರ ಹತ್ತಿರ ಆರು ಕಿಲೋ ಮೀನು ಹಾಕಿರಬೇಕು, ಮಾರುವವಳು ಮುಳುಗಿದಳು. ಮಕ್ಕಳು ಇದನ್ನು ತಾವೇ ಲೆಕ್ಕ ಹಾಕಿ ತೆಗೆದರು. ಮೀನು ಮಾರುವ ಮನೆಯ ಹುಡುಗಿ ಒಬ್ಬಳು ಅಲ್ಲಿಯವರೆಗೆ ಸುಮ್ಮನಿದ್ದವಳು, "ಬಂಗಡೆ ತೂಕಕ್ಕೆ ಅಲ್ಲ ಅಕ್ಕೋರೆ, ಎಣಿಸಿ ಕೊಡೋದು. ನೂರಕ್ಕೆ ಎಂಟು ಅಂದ್ರೆ ಚಂದ್ರನ ಮೇಲೂ ಎಂಟೇ" ಅಂದಳು. ಅವಳು ಎಷ್ಟು ಸರಿ ಹೇಳಿದ್ದಳು ನೋಡಿ. ಗುರುತ್ವ ಬದಲಾದರೆ ತೂಕ ಬದಲಾಗುತ್ತದೆ, ಎಣಿಕೆ ಬದಲಾಗೋದಿಲ್ಲ.

ಇದೇ ಥರ ಆಮ್ಲ, ಪ್ರತ್ಯಾಮ್ಲದ ಜೋಕಿನಲ್ಲೂ ಮಕ್ಕಳು ನನ್ನನ್ನು ತಿದ್ದಿದರು. ಆಮ್ಲ ಮತ್ತು ಪ್ರತ್ಯಾಮ್ಲ ಜಗಳ ಆಡಿದರೆ ಕೊನೆಗೆ ಉಳಿಯೋದು ಉಪ್ಪು ನೀರು, ಕಣ್ಣೀರಿನ ಹಾಗೆ ಅಂತ ಬರೆದಿದ್ದೆ. ಸಾಣಿಕಟ್ಟಾದ ಉಪ್ಪಿನ ಗದ್ದೆ ಹತ್ತಿರದ ಹುಡುಗ, "ನಮ್ಮಲ್ಲಿ ಜಗಳ ಇಲ್ದೇನೇ ಉಪ್ಪಾಗ್ತದೆ, ಬಿಸಿಲು ಇದ್ರೆ ಸಾಕು" ಅಂದ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಲವಣ ಮೊದಲೇ ಕರಗಿರುತ್ತದೆ, ನೀರು ಆರಿದರೆ ಉಪ್ಪು ಉಳಿಯುತ್ತದೆ. ರಾಸಾಯನಿಕ ಬದಲಾವಣೆ, ಭೌತ ಬದಲಾವಣೆ ಎರಡರ ವ್ಯತ್ಯಾಸ ಅವತ್ತು ಅಲ್ಲೇ ಮುಗೀತು.

ನಿಜವಾಗಿ ನಡೆದ ತಮಾಷೆಗಳನ್ನೂ ಹೇಳ್ತೇನೆ, ಮಕ್ಕಳಿಗೆ ಅವು ಇನ್ನೂ ಇಷ್ಟ. ಅಮೆರಿಕದ ಮಿಷಿಗನ್‌ನ ಭೌತವಿಜ್ಞಾನಿ ಜ್ಯಾಕ್ ಹೆದರಿಂಗ್ಟನ್ 1975ರಲ್ಲಿ ಒಬ್ಬರೇ ಒಂದು ಪ್ರಬಂಧ ಬರೆದು, ಪೂರ್ತಿ ‘ನಾವು’ ಅಂತ ಟೈಪ್ ಮಾಡಿಬಿಟ್ಟಿದ್ದರು. ಒಬ್ಬರೇ ಇದ್ದರೆ ಪತ್ರಿಕೆ ‘ನಾವು’ ಒಪ್ಪೋದಿಲ್ಲ ಅಂತ ಸಹೋದ್ಯೋಗಿ ಹೇಳಿದರು. ಕಂಪ್ಯೂಟರಿನಲ್ಲಿ ತಿದ್ದುವ ಕಾಲ ಅಲ್ಲ, ಎಲ್ಲ ಮತ್ತೆ ಟೈಪ್ ಮಾಡಬೇಕು. ಅವರು ಸಾಕಿದ ಬೆಕ್ಕು ಚೆಸ್ಟರ್‌ಗೆ ಎಫ್.ಡಿ.ಸಿ. ವಿಲ್ಲಾರ್ಡ್ ಅಂತ ಹೆಸರು ಕೊಟ್ಟು ಎರಡನೇ ಲೇಖಕನಾಗಿ ಸೇರಿಸಿದರು. ಪ್ರಬಂಧ ಅಚ್ಚಾಯಿತು. ಇದನ್ನು ಕೇಳಿ ಮೇಳದ ಹುಚ್ಚಿನ ಹುಡುಗ ಒಬ್ಬ, "ಯಕ್ಷಗಾನದ ರಾಜ ಒಬ್ಬನೇ ಇದ್ರೂ ನಾವು ಅಂತಾನೆ, ಅವನ ಬೆಕ್ಕು ಚೌಕಿಯಲ್ಲಿ ಇರಬೇಕು" ಅಂದ. ಚೌಕಿ ಅಂದರೆ ವೇಷ ಕಟ್ಟುವ ಜಾಗ. ಭೌತವಿಜ್ಞಾನಿ ಆಂದ್ರೆ ಗೀಮ್ ಕಪ್ಪೆಯನ್ನು ಅಯಸ್ಕಾಂತದಿಂದ ಗಾಳಿಯಲ್ಲಿ ತೇಲಿಸಿ 2000ದಲ್ಲಿ ಇಗ್ ನೊಬೆಲ್ ಅನ್ನೋ ತಮಾಷೆಯ ವಿಜ್ಞಾನ ಪ್ರಶಸ್ತಿ ಪಡೆದು, 2010ರಲ್ಲಿ ಗ್ರಾಫೀನ್ ಅನ್ನೋ ತೀರಾ ತೆಳು ಕಾರ್ಬನ್ ಹಾಳೆಯ ಕೆಲಸಕ್ಕೆ ನಿಜವಾದ ನೊಬೆಲ್ ಪಡೆದ ಕಥೆಯನ್ನು ಮಳೆಗಾಲಕ್ಕೇ ಇಟ್ಟುಕೊಳ್ತೇನೆ, ಹೊರಗೆ ಕಪ್ಪೆ ಕೂಗುವಾಗ. ಕಪ್ಪೆಯ ಮೈಯ ನೀರನ್ನು ತುಂಬಾ ಬಲವಾದ ಅಯಸ್ಕಾಂತ ದೂರ ತಳ್ಳುತ್ತದೆ, ಅಷ್ಟೇ ಗುಟ್ಟು.

ಈ ವರ್ಷ ನೋಟ್‌ಬುಕ್ಕಿನ ಮೊದಲ ಪುಟ ಘಾತಾಂಕದ್ದು. ಎಷ್ಟು ಘಾತ ಆದರೂ ಅಲುಗಾಡದವನು ಯಾರು? ಒಂದು. ಘಾತವೇ ಇಲ್ಲದಿದ್ದರೆ? ಎಲ್ಲರೂ ಒಂದೇ. ಯಾವ ಸಂಖ್ಯೆಯ ಘಾತವನ್ನು ಸೊನ್ನೆ ಮಾಡಿದರೂ 1 ಬರುತ್ತದಲ್ಲ, ಅದು. ಒಂಬತ್ತನೇ ತರಗತಿಯ ಇಬ್ಬರು ಸೇರಿ ಮಾಡಿದ್ದು. ಓದಿದ ಕೂಡಲೇ ಮೂರನೆಯವಳು ಕೈ ಎತ್ತಿದಳು, "ಸೊನ್ನೆಗೆ ಸೊನ್ನೆ ಘಾತ ಆದ್ರೆ?" ಒಂದು ಕಡೆಯಿಂದ ನೋಡಿದರೆ ಸೊನ್ನೆ ಬರಬೇಕು, ಇನ್ನೊಂದು ಕಡೆಯಿಂದ ನೋಡಿದರೆ ಒಂದು. ಕೆಲವು ಕಡೆ ಅನುಕೂಲಕ್ಕೆ 1 ಅಂತ ಇಟ್ಟುಕೊಳ್ತಾರೆ, ಕೆಲವು ಕಡೆ ಬೆಲೆಯನ್ನೇ ಕೊಡೋದಿಲ್ಲ ಅಂತ ಹೇಳಿದೆ. ಅರ್ಧ ಗಂಟೆ ವಾದ ನಡೀತು, ಬೆಲ್ ಹೊಡೆದದ್ದೂ ತಿಳಿಯಲಿಲ್ಲ. ಮರುದಿನ ಬಂದು ನೋಡಿದರೆ ಅದರ ಕೆಳಗೆ ಪೆನ್ಸಿಲ್ಲಿನಲ್ಲಿ ಯಾರೋ ಬರೆದಿದ್ದರು: ಇಬ್ಬರು ಸೊನ್ನೆಗಳ ಜಗಳ, ಪಂಚಾಯ್ತಿ ಮುಂದಕ್ಕೆ ಹಾಕಿದೆ.